ಎರಡು ಊರು, ಎರಡು ಹೂವು

ನೀರು ಇವತ್ತು ಎರಡೂ ಕಡೆಗೆ ಸಮನಾಗಿರಬೇಕು ಎಂದು ಸುಶಮೀಂದ್ರ ಹಾಸಿಗೆಯಲ್ಲಿದ್ದಾಗಲೇ ನಿಶ್ಚಯಿಸಿದ್ದ. ಬಲಗಡೆಗೆ ಎಷ್ಟೋ ಎಡಗಡೆಗೂ ಅಷ್ಟೇ. ಶ್ರೀರಂಗಪಟ್ಟಣದಿಂದ ಕಿರಂಗೂರಿಗೆ ಸ್ಕೂಟರಿನಲ್ಲಿ ಹೋಗುವ ಆ ಹತ್ತು ನಿಮಿಷದಲ್ಲಿ ಇದನ್ನೇ ಹತ್ತು ಸಲ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ಸುಲಭದ ಕೆಲಸವಲ್ಲ ಅನ್ನಿಸತೊಡಗಿತು. ಹದಿನಾರು ವರ್ಷದಿಂದ ಕಿರಂಗೂರಿನ ಆಂಜನೇಯನಿಗೆ ಬೆಳಗಿನ ಪೂಜೆ ಮಾಡಿ, ಸ್ಕೂಟರು ಅಲ್ಲೇ ಬಿಟ್ಟು, ಏಳೂ ಇಪ್ಪತ್ತರ ಬಸ್ಸು ಹತ್ತಿ ಪಾಂಡವಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಬಂದವನು. ಸಮ ಎಂಬ ಗುರುತನ್ನು ಹಲಗೆಯ ಮೇಲೆ ದಿನಕ್ಕೆ ನೂರು ಸಲ ಬರೆಯುವವನು. ಆದರೆ ಎರಡು ಹೂವಿನ ಬೆನ್ನಿಗೆ ಸಮನಾಗಿ ನೀರು ಹಚ್ಚುವುದು ಹೇಗೆ ಎನ್ನುವುದು ತನ್ನ ಬೆರಳುಗಳಿಗೆ ಗೊತ್ತೇ ಇಲ್ಲವೆಂದು ಈ ಶನಿವಾರ ಅವನಿಗೆ ಹೊಳೆದಿತ್ತು.

ತೀರ್ಮಾನವಾಗಬೇಕಿದ್ದದ್ದು ಇಷ್ಟೇ: ದಸರಾ ರಜೆಗೆ ವಿಯೆಟ್ನಾಮಿಗೆ ಹೋದರೆ ಹನೋಯ್‌ಗೋ ಸೈಗಾನ್‌ಗೋ. ಐದೇ ದಿನ, ಎರಡೂ ಆಗುವುದಿಲ್ಲ, ಒಂದು ಊರನ್ನಾದರೂ ಸರಿಯಾಗಿ ನೋಡಿ ಎಂದು ಅವನ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಪ್ರಸಾದ್ ಹೇಳಿದ್ದರು. ಹೋದ ವರ್ಷ ಹೋಗಿಬಂದವರು ಅವರು. ಟಿಕೆಟ್ಟನ್ನು ತಮಗೆ ಗೊತ್ತಿದ್ದವರ ಹತ್ತಿರ ಇವತ್ತು ಒಂಬತ್ತು ಗಂಟೆಯವರೆಗೆ ಹಿಡಿಸಿಟ್ಟಿದ್ದರು. ಹೆಂಡತಿ ಅಪರ್ಣಳಿಗೆ ಹನೋಯ್ ಆಗಬೇಕು. ಅಲ್ಲಿ ಹಳೇ ಬೀದಿಗಳು, ತಣ್ಣನೆ ಹವೆ, ಊರ ನಡುವೆ ಕೆರೆ, ಕೆರೆಯ ನಡುವೆ ದೇವಸ್ಥಾನ. ಡಿಗ್ರಿ ಓದುವ ಮಗಳು ಸಿಂಚನಳಿಗೆ ಸೈಗಾನ್ ಆಗಬೇಕು. ನೀರಿನ ನಡುವೆ ದೇವಸ್ಥಾನ ನೋಡೋಕೆ ವಿಮಾನ ಯಾಕೆ ಹತ್ತಬೇಕಮ್ಮಾ, ನಾವಿರೋದೇ ಹೊಳೆ ಮಧ್ಯೆ, ಕಿಟಕಿ ತೆಗೆದರೆ ರಂಗನಾಥ ಎಂದು ಅವಳು ನಕ್ಕಿದ್ದಳು. ಸೈಗಾನಿನಲ್ಲಿ ಮುಗಿಲು ಮುಟ್ಟುವ ಕಟ್ಟಡ, ಹೊಳೆಯ ಹಾಗೆ ಹರಿಯುವ ಮೋಟರು ಸೈಕಲ್ಲು, ಮಲಗದ ಬೀದಿ. ತಾಯಿಗೊಂದು ಓಟು, ಮಗಳಿಗೊಂದು ಓಟು. ಇಬ್ಬರೂ ಊಟದ ತಟ್ಟೆಯ ಮೇಲಿಂದ ಅವನ ಮುಖ ನೋಡಿದ್ದರು. ಅವನು ಅನ್ನಕ್ಕೆ ಸಾರು ಕಲಸುತ್ತಲೇ ಇದ್ದ. ಹೋಟೆಲಿನಲ್ಲಿ ಇಡ್ಲಿಯೋ ದೋಸೆಯೋ ಎಂದು ಸಪ್ಲೈಯರ್ ಕೇಳಿದರೆ ಇವರು ಪಕ್ಕದ ಟೇಬಲ್ಲಿನವರ ತಟ್ಟೆ ನೋಡ್ತಾರೆ, ಇವರನ್ನ ಕೇಳಬೇಡ ಕಣೇ ಎಂದು ಅಪರ್ಣ ಮಗಳಿಗೆ ಹೇಳಿದಾಗ ಅವನೂ ನಕ್ಕ. ನಗಬೇಕಾದ ಜಾಗ ಅದು. "ನಾಳೆ ಶನಿವಾರ ತಾನೆ, ಹೂ ಕೇಳಿಬಿಡಿ," ಅಂದಳು ಅಪರ್ಣ. "ಊರಿಗೆಲ್ಲ ಕೊಡ್ತಾನೆ ನಿಮ್ಮ ಹನುಮಪ್ಪ, ನಮಗೆ ಕೊಡಲ್ವೇ?" ಹಾಗಾಗಿ ಅವನು ಹೊರಟದ್ದು.

ಹೂ ಕೇಳುವುದು ಅಲ್ಲಿ ಪ್ರತಿ ಶನಿವಾರದ ವಾಡಿಕೆ. ಬಂದವರು ದೇವರ ಮುಂದೆ ನಿಂತು, ಬಲಗಡೆ ಕೊಟ್ಟರೆ ಇಂಥದ್ದು, ಎಡಗಡೆ ಕೊಟ್ಟರೆ ಇಂಥದ್ದು ಎಂದು ಬಾಯಿಬಿಟ್ಟು ಹೇಳುತ್ತಾರೆ. ಅರ್ಚಕ ಎರಡು ಹೂವಿನ ಬೆನ್ನು ಒದ್ದೆ ಮಾಡಿ ದೇವರ ಎರಡು ಭುಜಕ್ಕೆ ಅಂಟಿಸುತ್ತಾನೆ. ಮೊದಲು ಯಾವುದು ಉದುರಿತೋ ಅದು ಉತ್ತರ. ಹೆಣ್ಣು ಕೊಡಬಹುದೋ, ಬೋರು ಹಾಕಿಸಬಹುದೋ, ಓಡಿಹೋದವನು ಬಂದಾನೋ. ಸುಶಮೀಂದ್ರ ಹೊಸದಾಗಿ ಪೂಜೆಗೆ ನಿಂತ ವರ್ಷ ಅವನ ಸೋದರಮಾವ ರಾಮಸ್ವಾಮಿ, ಅವರಿಂದಲೇ ಈ ದೇವಸ್ಥಾನ ಅವನಿಗೆ ಬಂದದ್ದು, ಒಂದು ಮಾತು ಹೇಳಿಕೊಟ್ಟಿದ್ದರು. ನೀರು ಜಾಸ್ತಿ ಕುಡಿದ ಹೂವು ತಡವಾಗಿ ಬೀಳುತ್ತೆ, ಬರೀ ಬೆರಳು ಸವರಿದ ಹೂವು ಬೇಗ ಬೀಳುತ್ತೆ. ಜನ ಉತ್ತರ ಹೊತ್ಕೊಂಡೇ ಬರ್ತಾರೆ ಕಣೋ, ಅವರ ಮುಖದಲ್ಲಿರುತ್ತೆ. ಅದನ್ನ ತಗೊಂಡು ಅವರ ಕೈಗೇ ತಿರುಗಿ ಕೊಡು, ಅಷ್ಟೇ ನಿನ್ನ ಕೆಲಸ. ಇದು ಮೋಸ ಅಂತ ಅವರೂ ಅಂದುಕೊಂಡಿರಲಿಲ್ಲ, ಇವನೂ ಅಂದುಕೊಳ್ಳಲಿಲ್ಲ. ಹೆದರಿದವರಿಗೆ ಕೈಹಿಡಿದು ರಸ್ತೆ ದಾಟಿಸಿದಷ್ಟೇ ಸಹಜವಾಗಿತ್ತು. ಮುಖ ನೋಡುವುದರಲ್ಲಿ ಅವನು ಎಷ್ಟು ಪಳಗಿದನೆಂದರೆ ಕೆಲವರು ಕೇಳುವ ಮೊದಲೇ ಅವನ ಬೆರಳು ಚೊಂಬಿನೊಳಗೆ ಇಳಿದಿರುತ್ತಿತ್ತು.

ಹಾಗಿದ್ದವನು ಇವತ್ತು ಸಮಪಾಲು ಎಂದು ಹಟ ಹಿಡಿದದ್ದಕ್ಕೆ ಕಾರಣವಿತ್ತು, ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಬುಧವಾರ ಸ್ಟಾಫ್ ರೂಮಿನಲ್ಲಿ ಪ್ರಸಾದ್ ಮೊಬೈಲಿನಲ್ಲಿ ಆ ಊರುಗಳ ಬೀದಿಗಳನ್ನು ತೋರಿಸಿದ್ದರು. ಬೆರಳು ಸರಿಸಿದರೆ ಬೀದಿಯೊಳಗೇ ನಡೆದುಕೊಂಡು ಹೋದ ಹಾಗೆ. ಹನೋಯ್‌ನ ಒಂದು ಸಂದಿಯಲ್ಲಿ, ಪಾಚಿ ಹಿಡಿದ ಗೋಡೆಯ ಪಕ್ಕ, ಒಬ್ಬ ಹೆಂಗಸು ಬೆನ್ನು ಮಾಡಿ ನಿಂತಿದ್ದಳು. ಎಡಗೈಯನ್ನು ಪಕ್ಕೆಲುಬಿನ ಕೆಳಗೆ ಒತ್ತಿ ಹಿಡಿದು, ಸ್ವಲ್ಪ ವಾಲಿಕೊಂಡು, ಯಾರೋ ಕರೆದರೆ ತಿರುಗುವವಳ ಹಾಗೆ. ಆ ನಿಲುವು ಅವನಿಗೆ ಗೊತ್ತಿತ್ತು. ಮುಂದೆ ಹೋಗಿ ಸರ್, ಬೇಗ ಹೋಗಿ ಅಂದ. ಆಮೇಲೆ ಸೈಗಾನ್ ತೆಗೆದರು. ಅಗಲವಾದ ರಸ್ತೆ, ಸಾವಿರ ಮೋಟರು ಸೈಕಲ್ಲು, ಅವುಗಳಾಚೆ ಗಾಜಿನ ಕಟ್ಟಡವೊಂದರ ಬುಡದಲ್ಲಿ ಒಬ್ಬ ಹೆಂಗಸು, ಅದೇ ಕೈ, ಅದೇ ಪಕ್ಕೆ. ಇಲ್ಲಿ ಮುಖ ಈ ಕಡೆಗೇ ಇತ್ತು, ಆದರೆ ಯಂತ್ರವು ಎಲ್ಲರ ಮುಖವನ್ನೂ ಒರೆಸಿಹಾಕಿತ್ತು. ಒಂದೂರಲ್ಲಿ ಹತ್ತಿರ, ಒಂದೂರಲ್ಲಿ ದೂರ, ಅಷ್ಟೇ ವ್ಯತ್ಯಾಸ. ಸಂಜೆ ಮನೆಗೆ ಬಂದು ತನ್ನ ಮೊಬೈಲಿನಲ್ಲಿ ಆ ಬೀದಿಗಳನ್ನು ಹುಡುಕಿದ. ಬೀದಿಗಳು ಸಿಕ್ಕವು. ಪಾಚಿಯ ಗೋಡೆ ಸಿಕ್ಕಿತು. ಹೆಂಗಸಿರಲಿಲ್ಲ. ಇದ್ದಿದ್ದರೇ ವಾಸಿಯಿತ್ತು ಅನ್ನಿಸಿತು ಅವನಿಗೆ. ಇಲ್ಲದವಳು ಎಲ್ಲಿಗೆ ಹೋದಳು ಎಂದು ಯೋಚಿಸುವ ಕೆಲಸ ತಪ್ಪುತ್ತಿತ್ತು.

ದೇವಸ್ಥಾನದ ಮುಂದೆ ಹೂ ಮಾರುವ ಚೆಲುವಮ್ಮ ಎರಡು ಕಣಗಿಲೆಯನ್ನು ಆರಿಸಿ ಕೊಡುತ್ತ, ಯಾರು ಕೇಳಾದು ಇವತ್ತು ಇಷ್ಟ್ ಬಿರ್ನೆ ಅಂದಳು. ನಾನೇ ಅಂದ. "ನೀವೇ ಕೇಳಿ ನೀವೇ ಕೊಟ್ಕತೀರಾ? ಚೆನ್ನಾಗದೆ ಬುಡಿ, ನಿಮ್ಮ ಯಾಪಾರ," ಎಂದು ಅವಳು ನಕ್ಕದ್ದು ಅವನ ಬೆನ್ನ ಹಿಂದೆ ಗರ್ಭಗುಡಿಯ ತನಕ ಬಂತು. ಅಭಿಷೇಕ ಮುಗಿಸಿ, ಸಿಂಧೂರ ಬಳಿದು, ಎರಡು ಹೂವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ. ಉದ್ಧರಣೆಯಿಂದ ಅಳೆದು ಒಂದೊಂದೇ ಹನಿ ಬಿಟ್ಟ. ಬಲಗಡೆಯದನ್ನು ಅಂಟಿಸುವಾಗ ಬೆರಳು ತನ್ನಷ್ಟಕ್ಕೆ ಒಂದಿಷ್ಟು ಒತ್ತಿದಂತಾಯಿತು. ಸರಿದೂಗಿಸಲು ಎಡಗಡೆಯದನ್ನೂ ಅಷ್ಟೇ ಒತ್ತಿದ. ಹಿಂದೆ ಸರಿದು, ಕೈಮುಗಿದು, ಕಣ್ಣು ಮುಚ್ಚಿ, ನಿನ್ನ ಚಿತ್ತ ಅಂದ. ಕಣ್ಣು ತೆರೆದಾಗ ಎರಡೂ ಇದ್ದವು.

ಏಳೂ ಇಪ್ಪತ್ತರ ಬಸ್ಸು ಹೋಯಿತು. ಪ್ರಸಾದ್ ಬಸ್ಸಿನಿಂದ ಫೋನು ಮಾಡಿದರು, ಸೀಟು ಹಿಡಿದಿದ್ದೆನಲ್ಲ ಎಲ್ಲಿ ಅಂತ. ಇವತ್ತು ಅರ್ಧ ದಿನ ರಜೆ ಬರೆದುಬಿಡಿ ಎಂದ. ಹೂವಿನ ಸುತ್ತ ನೀರು ಆರಿ ಸಿಂಧೂರದ ಮೇಲೆ ಬೆಳ್ಳನೆಯ ಅಂಚು ಮೂಡಿತು. ಇಷ್ಟು ಆರಿದ ಮೇಲೆ ಹೂವು ನಿಲ್ಲುವುದಿಲ್ಲವೆಂದು ಹದಿನಾರು ವರ್ಷದ ಕೈ ಹೇಳುತ್ತಿತ್ತು. ನಿಂತಿದ್ದವು. ನೋಡುತ್ತ ನೋಡುತ್ತ ಅವನಿಗೆ ಅವು ಅಂಟಿಕೊಂಡಿರುವುದಲ್ಲ, ಕಲ್ಲಿನ ಆಚೆಯಿಂದ ಯಾರೋ ಎರಡನ್ನೂ ಬೆರಳ ತುದಿಯಲ್ಲಿ ಹಿಡಿದುಕೊಂಡು ಇವನನ್ನು ನೋಡುತ್ತಿರುವುದು ಎನ್ನಿಸಿತು. ದೀಪದ ಕುಡಿಯೂ ಅಲುಗಲಿಲ್ಲ. ಹೊರಗೆ ಕಬ್ಬಿನ ಟ್ರಾಕ್ಟರೊಂದು ಹೋದಾಗ ನೆಲ ನಡುಗಿತು, ಗಂಟೆಯ ನಾಲಿಗೆ ತಾನಾಗಿ ಸಣ್ಣಗೆ ಸದ್ದು ಮಾಡಿತು. ಹೂವು ಮಾತ್ರ ಹಾಗೇ.

ಅವತ್ತು ಹೀಗಲ್ಲ. ಅವತ್ತು ಮಂಗಳಾರತಿ ಬೆಳಗುವುದಕ್ಕೂ ಮೊದಲೇ ಬಿದ್ದಿತ್ತು. ಎರಡು ವರ್ಷವಾಯಿತು, ಮಾಘ ಮಾಸದ ಶನಿವಾರ. ಅರಕೆರೆಯಿಂದ ಮರಗೆಲಸದ ಲಕ್ಷ್ಮಣ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಅವಳ ಹೆಸರು ಮಂಗಳಮ್ಮ, ಹೊಟ್ಟೆಯೊಳಗೆ ಗಂಟು. ಡಾಕ್ಟರು ಕೊಯ್ದು ತೆಗೆಯಬೇಕು ಅಂದಿದ್ದರು. ಬಲಗಡೆ ಕೊಟ್ಟರೆ ಆಪರೇಷನ್ನು, ಎಡಗಡೆ ಕೊಟ್ಟರೆ ಬೇಡ ಎಂದು ಲಕ್ಷ್ಮಣ ಕೇಳಿಕೊಂಡ. ಸುಶಮೀಂದ್ರನಿಗೆ ಪರೀಕ್ಷೆಯ ಡ್ಯೂಟಿ, ಏಳೂ ಹದಿನೇಳು ಆಗಿತ್ತು, ಚೊಂಬಿನಲ್ಲಿ ನೀರು ತಳ ಕಂಡಿತ್ತು. ಇದ್ದಷ್ಟು ನೀರು ಬಲಗಡೆಯ ಹೂವಿಗೆ ಹೋಯಿತು. ಎಡಗಡೆಯದಕ್ಕೆ ಬೆರಳಿನ ಪಸೆ ಮಾತ್ರ. ಮುಖ ನೋಡಲಿಲ್ಲ, ಯಾರದ್ದೂ. ಅಷ್ಟೊಂದು ವರ್ಷದಲ್ಲಿ ಮುಖ ನೋಡದೆ ಕೊಟ್ಟದ್ದು ಅದೊಂದೇ ಸಲ. ಎಡಗಡೆ, ಬೇಡ ಅಂತಿದಾನೆ ಎಂದು ಹೇಳುತ್ತಲೇ ಅವನು ಅಂಗಿ ತೊಟ್ಟದ್ದು. ಹೊರಗಿನ ಕಂಬದ ಹತ್ತಿರ ಪಕ್ಕೆ ಒತ್ತಿಕೊಂಡು ನಿಂತಿದ್ದ ಮಂಗಳಮ್ಮ ದಾರಿ ಬಿಟ್ಟು ಸರಿದು, ಓಡಿ ಸ್ವಾಮಿ, ಬಸ್ಸು ಸಿಕ್ತದೆ ಅಂದಿದ್ದಳು. ಬಸ್ಸು ಸಿಕ್ಕಿತು. ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅವಳು ಯುಗಾದಿಗೆ ಮುಂಚೆ ತೀರಿಕೊಂಡಳು. ತಿಥಿ ಕಳೆದ ಮೇಲೆ ಲಕ್ಷ್ಮಣ ಹಲಸಿನ ಮರದ ಮಣೆಯೊಂದನ್ನು ಕೆತ್ತಿ ತಂದು ದೇವರಿಗೆ ಒಪ್ಪಿಸಿ, ಕೊಯ್ಸಿದ್ರೆ ಟೇಬಲ್ ಮ್ಯಾಲೇ ಓಯ್ತಿದ್ಳಂತೆ ಸ್ವಾಮಿ, ಮನೇಲಿ ಮಕ್ಕಳ ಮುಂದೆ ಓಗಂಗಾಯ್ತು ಎಂದು ಕಾಲಿಗೆ ಬಿದ್ದಿದ್ದ. ಹಾಗಂತ ಯಾರು ಹೇಳಿದರು ಎಂದು ಕೇಳುವ ಧೈರ್ಯ ಸುಶಮೀಂದ್ರನಿಗೆ ಆಗಲಿಲ್ಲ. ಆ ಮಣೆಯ ಮೇಲೆ ಒಂದು ದಿನವೂ ಕುಳಿತಿಲ್ಲ.

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ತಿರುಗಿ ನೋಡಿದರೆ ಕಂಬದ ಹತ್ತಿರ ಅವಳು ನಿಂತಿದ್ದಳು, ಬೆನ್ನು ಮಾಡಿ, ಎಡಗೈ ಪಕ್ಕೆಲುಬಿನ ಕೆಳಗೆ. ಬಿಸಿಲು ಅವಳ ಆಚೆ ಇತ್ತು. ಸುಶಮೀಂದ್ರನ ಬಾಯಲ್ಲಿದ್ದ ಮಂತ್ರ ಅರ್ಧಕ್ಕೆ ನಿಂತಿತು. ಯಾವ ಊರಿನಲ್ಲಿ ನಿಂತಿದ್ದೇನೆ ಎಂದು ಒಂದು ಗಳಿಗೆ ಅವನಿಗೆ ನಿಜವಾಗಿ ತಿಳಿಯಲಿಲ್ಲ. ಆಮೇಲೆ ಕಂಬದ ಮರೆಯಿಂದ ಲಕ್ಷ್ಮಣ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ನನ್ ಮಗಳು ಸ್ವಾಮಿ, ಭೂಮಿಕ," ಎಂದ ಅವನು, ಸುಶಮೀಂದ್ರನ ಕಣ್ಣು ಹೋದ ಕಡೆ ನೋಡಿ. "ಬಸ್ಸು ಓಯ್ತಾ ಇವತ್ತು? ನೀವಿರಲ್ವೇನೋ ಅನ್ಕಂಡು ಬಂದೆ."

ಒಳಬಾಗಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಅವನು ದನಿ ತಗ್ಗಿಸಿ ಹೇಳಿದ. ಭೂಮಿಕಳಿಗೂ ಗಂಟು ಬಂದದೆ. ಅವ್ವನಿಗಿದ್ದ ಜಾಗದಲ್ಲೇ, ಆದರೆ ಸಣ್ಣದು, ಈಗಲೇ ತೆಗೆದರೆ ಏನೂ ಆಗುವುದಿಲ್ಲ ಅಂತ ಡಾಕ್ಟರು ಅಂದವರೆ, ಸೋಮವಾರಕ್ಕೆ ಬರಹೇಳಿದಾರೆ. ಒಂದು ಹೂ ಕೇಳಬೇಕಾಗಿತ್ತು.

ಹೂವೇ ಬೇಡ ಅಂದ ಸುಶಮೀಂದ್ರ. ದೇವರ ಕಡೆಗೆ ಬೆನ್ನು ಮಾಡಿ ಅವನೂ ಕೆಳಗೆ ಕೂತ. "ನಾನು ಹೇಳ್ತಿದೀನಿ ಲಕ್ಷ್ಮಣ, ಮಾಡಿಸು. ಅವತ್ತು ನಿನ್ನ ಹೆಂಡ್ತಿಗೆ ಎಡಗಡೆ ಕೊಟ್ಟದ್ದು ದೇವರಲ್ಲ. ಚೊಂಬಲ್ಲಿ ನೀರು ಕಮ್ಮಿಯಿತ್ತು. ನಂಗೆ ಬಸ್ಸಿಗೆ ಹೊತ್ತಾಗಿತ್ತು."

ಈ ಮಾತನ್ನು ಹೇಳಿದರೆ ಏನಾಗಬಹುದೆಂದು ಎರಡು ವರ್ಷದಿಂದ ಅವನು ಬಗೆಬಗೆಯಾಗಿ ಕಲ್ಪಿಸಿಕೊಂಡಿದ್ದ: ಲಕ್ಷ್ಮಣ ಕತ್ತಿನ ಪಟ್ಟಿ ಹಿಡಿಯುವುದು, ಊರು ಸೇರುವುದು, ಸ್ಕೂಲಿನ ಗೇಟಿನವರೆಗೆ ಸುದ್ದಿ ಬರುವುದು. ಲಕ್ಷ್ಮಣ ನೆಲದ ಮೇಲೆ ಬಿದ್ದಿದ್ದ ತುಳಸಿ ಎಸಳನ್ನು ಎತ್ತಿ ಪಕ್ಕಕ್ಕಿಟ್ಟ.

"ಗೊತ್ತು ಬುಡಿ," ಎಂದ. "ಮರದ ಕೆಲಸದೋನು ನಾನು. ಒದ್ದೆ ಎಷ್ಟೊತ್ತು ಇಡ್ಕತದೆ ಅನ್ನದು ನಂಗೊತ್ತಿಲ್ವಾ? ಎಡಗಡೆ ಹೂವಿಗೆ ನೀರೇ ಇರ್ನಿಲ್ಲ, ನೋಡ್ದೆ. ತಡೀರಿ ಸ್ವಾಮಿ, ಬಾವೀಲಿ ಒಂದ್ ಚೊಂಬು ಸೇದ್ಕಂಡ್ ಬತ್ತೀನಿ ಅನ್ಬೋದಾಗಿತ್ತು. ಅನ್ನಿಲ್ಲ." ಇನ್ನೊಂದು ಎಸಳನ್ನೂ ಎತ್ತಿಟ್ಟು, "ಕೊಯ್ಸದು ಅಂದ್ರೆ ನಂಗೇ ಎದ್ರಿಕೆ ಇತ್ತು," ಎಂದ.

ಹೊರೆ ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಬದಲಿಗೆ ತನ್ನ ತಪ್ಪನ್ನು ಎರಡು ವರ್ಷದಿಂದ ಇನ್ನೊಬ್ಬನೂ ಹೊತ್ತು ತಿರುಗುತ್ತಿದ್ದ ಎಂದು ತಿಳಿದಾಗ ಅದು ಇಮ್ಮಡಿಯಾಗಿ ಕಂಡಿತು. ಹಾಗಿದ್ದರೆ ಮತ್ತೆ ಹೂ ಯಾಕೆ ಕೇಳುತ್ತೀಯ ಎಂದು ಸುಶಮೀಂದ್ರ ಕೇಳಿದ. ಲಕ್ಷ್ಮಣ ಕಂಬದ ಕಡೆ ನೋಡಿದ.

"ನಂಗಲ್ಲ. ಅವಳು ಒಪ್ತಾ ಇಲ್ಲ. ಅವ್ವಂಗೆ ಬ್ಯಾಡ ಅಂದ ದೇವ್ರು ನಂಗೆ ಊಂ ಅಂತಾನಾ ಅಂತವ್ಳೆ. ನಾವಿಬ್ರೂ ಕಂಡಿದ್ದ ಯೋಳುದ್ರೆ ಅವಳ ಅವ್ವನ್ನ ನಾನೇ ಇನ್ನೊಂದ್ ಸಲ ಕೊಂದಂಗಾಯ್ತದೆ. ಬಲಗಡೆ ಹೂವು ಬೇಕು ಸ್ವಾಮಿ. ನೀವು ಕೊಡಿ."

ಜಾಗ ಮಾಡಬೇಕಿತ್ತು. ತನ್ನ ಎರಡು ಹೂವು ಇನ್ನೂ ಭುಜಗಳ ಮೇಲಿದ್ದವು. ಯಾವುದನ್ನು ಮೊದಲು ತೆಗೆದರೂ ಅದೇ ಉತ್ತರವಾಗಿಬಿಡುತ್ತದೆ ಎನ್ನಿಸಿ ಎರಡು ಕೈಯಿಂದ ಒಟ್ಟಿಗೆ ಕಿತ್ತ. ಸ್ವಲ್ಪ ಎಳೆಯಬೇಕಾಯಿತು. ಅವನ್ನು ತಟ್ಟೆಯಲ್ಲಿ ಹಾಕಿ, ಚೆಲುವಮ್ಮನ ಹತ್ತಿರ ಲಕ್ಷ್ಮಣ ತಂದಿದ್ದ ಹೂವು ತೆಗೆದುಕೊಂಡ. ಹೊರಗಿನಿಂದ ಭೂಮಿಕ, ಈ ಕಡೆ ತಿರುಗದೆ, ಬಿದ್ಮೇಲೆ ಕರೀರಪ್ಪ, ನಾನು ನೋಡಾಕಿಲ್ಲ ಅಂದಳು. ಕೊಯ್ಸಾದಾದ್ರೆ ಬಲಗಡೆ ಕೊಡಪ್ಪಾ, ಬ್ಯಾಡ ಅಂದ್ರೆ ಎಡಗಡೆ ಎಂದು ಲಕ್ಷ್ಮಣ ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಕೇಳಿಕೊಂಡ. ಚೊಂಬು ಇವತ್ತು ತುಂಬಿತ್ತು. ಸುಶಮೀಂದ್ರ ಎಡಗಡೆಯ ಹೂವನ್ನು ಮುಳುಗಿಸಿ ತೆಗೆದು, ನೀರು ಸುರಿಯುತ್ತಿರುವ ಹಾಗೇ ಅಂಟಿಸಿದ. ಬಲಗಡೆಯದಕ್ಕೆ ಒದ್ದೆ ಬೆರಳನ್ನು ಮುಟ್ಟಿಸಿದ ಅಷ್ಟೇ; ನಿಂತದ್ದೇ ಹೆಚ್ಚು. ಮಂಗಳಾರತಿಗೆ ಕರ್ಪೂರ ಹಚ್ಚಿದ. ಕರ್ಪೂರ ಉರಿದು ಮುಗಿಯಿತು.

ಬೀಳಲಿಲ್ಲ. ಎಡಗಡೆಯಿಂದ ನೀರು ಒಂದೊಂದೇ ಹನಿಯಾಗಿ ಆಂಜನೇಯನ ಎದೆಯ ಮೇಲೆ ಇಳಿಯುತ್ತಿತ್ತು, ಆ ಹೂವು ಇಷ್ಟಿಷ್ಟೇ ಜಾರಿ ಬಾಲದ ಸುರುಳಿಯ ಹತ್ತಿರ ಬಂತು. ಬಲಗಡೆಯ ಒಣಹೂವು ಮೊಳೆ ಹೊಡೆದಂತೆ ನಿಂತಿತ್ತು. ಸುಶಮೀಂದ್ರ ತನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದ. ಗಂಟೆಯನ್ನು ಬೇಕೆಂದೇ ಜೋರಾಗಿ ಬಾರಿಸಿದ, ಶಾಲು ಸರಿಪಡಿಸುವವನಂತೆ ಗಾಳಿ ಬೀಸಿದ. ಎಡಗಡೆಯದು ಇನ್ನೊಂದು ಬೆರಳಗಲ ಜಾರಿತು. ಮಗಳು ತಿರುಗಿಬಿಡಬಹುದೆಂದು ಲಕ್ಷ್ಮಣ ಒಮ್ಮೆ ಹೊರಗೆ ನೋಡಿದ, ಒಮ್ಮೆ ಇವನನ್ನು ನೋಡಿದ. ಹೆದರಿದವರ, ಆಸೆಪಟ್ಟವರ, ಸುಳ್ಳು ಹೇಳುವವರ ಎಷ್ಟೋ ಮುಖಗಳನ್ನು ಓದಿದ್ದ ಸುಶಮೀಂದ್ರನಿಗೆ ಈ ಮುಖದಲ್ಲಿ ಓದುವಂಥದ್ದು ಏನೂ ಉಳಿದಿರಲಿಲ್ಲ. ಅದು ಬರೀ ಕಾಯುತ್ತಿತ್ತು. ಅವನು ಕೈ ಚಾಚಿದ. ಮರೆಮಾಡಲಿಲ್ಲ, ದೀಪ ಸರಿಪಡಿಸುವ ನೆವ ಹೂಡಲಿಲ್ಲ. ತೋರುಬೆರಳಿನಿಂದ ಬಲಗಡೆಯ ಹೂವನ್ನು ತಳ್ಳಿದ. ಮೊದಲ ಸಲಕ್ಕೆ ಅದು ಬರಲಿಲ್ಲ. ಉಗುರು ಕೊಟ್ಟು ಎಬ್ಬಿಸಬೇಕಾಯಿತು.

"ಕೊಟ್ಟ ಕಣ್ ಮಗ," ಎಂದ ಲಕ್ಷ್ಮಣ, ಅವನ ಬೆರಳನ್ನೇ ನೋಡುತ್ತ. "ಬಲಗಡೆ."

ಅವಳು ತಿರುಗಿ ಒಳಗೆ ಬಂದಳು. ಇಪ್ಪತ್ತು ಇಪ್ಪತ್ತೆರಡರ ಹುಡುಗಿ, ತಾಯಿಯ ಹಾಗೆ ಏನೂ ಇರಲಿಲ್ಲ ಮುಖ. ಅಗಲ ಹಣೆ, ಅತ್ತು ಊದಿದ ಕಣ್ಣು. ಎರಡು ಕೈಯನ್ನೂ ಚಾಚಿ ಹೂವು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ದುಪಟ್ಟಾದ ತುದಿಗೆ ಗಂಟು ಹಾಕುತ್ತ, "ನಂಗೆ ಎಷ್ಟೊತ್ತು ತಕ್ಕಂಡ ಸ್ವಾಮಿ," ಎಂದಳು. "ನಮ್ಮವ್ವಂಗೆ ಬಿರ್ನೆ ಯೋಳ್ಬುಟ್ಟಿದ್ನಂತೆ." ಸುಶಮೀಂದ್ರ ತೀರ್ಥ ಕೊಟ್ಟ. ಅರ್ಧ ಅವಳ ಮುಂಗೈ ಮೇಲೆ ಬಿತ್ತು; ಅದನ್ನೂ ಅವಳು ತಲೆಗೆ ಸವರಿಕೊಂಡಳು. ಸೋಮವಾರದ ತನಕ ಯಾಕೆ, ಇವತ್ತೇ ಮಂಡ್ಯದ ಆಸ್ಪತ್ರೆಗೆ ಓಗಿ ಎಸರು ಬರಸಿಬುಡ್ತೀವಿ ಎಂದು ಲಕ್ಷ್ಮಣ ಹೊರಟ. ಇಬ್ಬರೂ ಬಿಸಿಲಿಗೆ ಇಳಿದರು. ಅವರು ಹೋದ ಮೇಲೆ ಎಡಗಡೆಯ ಹೂವು ಎದೆಯ ಮೇಲಿಂದ ಜಾರಿ ಪಾದದ ಹತ್ತಿರ ಬಿತ್ತು, ತೊಪ್ಪೆಂದು, ಒದ್ದೆ ಬಟ್ಟೆ ಬಿದ್ದ ಹಾಗೆ.

ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಸಿಂಚನ ಫೋನು ಮಾಡಿದಳು. ಪ್ರಸಾದ್ ಅಂಕಲ್ ಎರಡು ಸಲ ಕೇಳಿದ್ರು, ಎಷ್ಟು ಹೊತ್ತಪ್ಪಾ, ಯಾವ ಕಡೆ ಬಿತ್ತು ಅಂದಳು. "ಬಲಗಡೆ," ಎಂದ. ಬಾಯಿಗೆ ಬಂದದ್ದು ಅದು.

"ಬಲಗಡೆ ಯಾವ ಊರು ಇಟ್ಟಿದ್ದೆ?"

ಬೆಳಗಿನಿಂದ ಆ ಎರಡು ಹೂವಿನ ಮುಂದೆ ನಿಂತಿದ್ದವನು ಯಾವ ಭುಜಕ್ಕೆ ಯಾವ ಊರು ಎಂದು ಹೇಳಿಯೇ ಇರಲಿಲ್ಲ. ನೀರು ಅಳೆದಿದ್ದ, ಹೂವು ತೂಗಿದ್ದ, ನಿನ್ನ ಚಿತ್ತ ಅಂದಿದ್ದ. ಕೇಳುವವರು ಬಂದು ಕೇಳುತ್ತಾರೆ, ತಾನು ಅಂಟಿಸುವವನು ಎಂಬ ಅಭ್ಯಾಸದಲ್ಲಿ, ಕೇಳಬೇಕಾದವನು ತಾನೇ ಎನ್ನುವುದು ಮರೆತುಹೋಗಿತ್ತು. ಏನನ್ನೂ ಕೇಳದೆ ನಿಂತವನ ಮುಂದೆ ದೇವರು ಎರಡು ಹೂವನ್ನೂ ಹಿಡಿದುಕೊಂಡು ಕಾದಿದ್ದ, ಒಂದೂವರೆ ಗಂಟೆ.

"ಅಪ್ಪಾ, ಇದೀಯಾ? ಐದು ನಿಮಿಷ ಇದೆ ಅಷ್ಟೇ."

"ಹನೋಯ್," ಎಂದ ಸುಶಮೀಂದ್ರ.

"ಅಯ್ಯೋ. ಹನುಮಪ್ಪ ಅಮ್ಮನ ಕಡೇನಾ?"

"ಹನುಮಪ್ಪ ಅಲ್ಲ. ನಾನು. ನಾನು ಹೇಳ್ತಿದೀನಿ."

ಫೋನನ್ನು ಕಿವಿಯಿಂದ ದೂರ ಹಿಡಿದು ಅವಳು ಅಪರ್ಣಳನ್ನು ಕರೆದದ್ದು ಅವನಿಗೆ ಕೇಳಿಸಿತು: "ಅಮ್ಮಾ, ಇಲ್ಲಿ ಬಾ. ಇದು ಅಪ್ಪನ ದನಿಯಾ, ಸ್ವಲ್ಪ ಕೇಳಿ ಹೇಳು."